ನಾಲ್ಕು ಮೂಲೆಗೆ ನಾಲ್ಕು ತಾಲೂಕು

ಬೀಳ್ಕೊಡುಗೆಯ ದಿನ ತೆಗೆದ ಫೋಟೊ ನನ್ನ ಮೇಜಿನ ಗಾಜಿನ ಕೆಳಗಿದೆ. ಕಚೇರಿಗೆ ಹೊಸಬರು ಬಂದಾಗ ಅದನ್ನು ನೋಡಿ ನಗುತ್ತಾರೆ. ಇಪ್ಪತ್ತು ಜನ ಗಂಡಸರು, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ, ನಾಲ್ಕು ಗುಂಪಾಗಿ ದೂರ ದೂರ ನಿಂತಿದ್ದಾರೆ. ನಡುವೆ ಕುರ್ಚಿಯಲ್ಲಿ ಒಬ್ಬ ಹೆಂಗಸು. ಆಕೆಯ ಪಕ್ಕದ ಸ್ಟೂಲಿನ ಮೇಲೆ ಒಂದು ಟೀವಿ.

ಎಲ್ಲರೂ ಹತ್ತಿರ ಬನ್ನಿ ಎಂದು ಫೋಟೊದವನು ಕೂಗಿದ್ದ. ಆಕೆ ಬಿಡಲಿಲ್ಲ.

"ಪೇಟೆಯೋರು ಇಂದ್ಗಡೆ ಎಡುಕ್ಕೆ. ನಾಗಮಂಗ್ಲದೋರು ಇಂದ್ಗಡೆ ಬಲುಕ್ಕೆ. ಪಾಂಡಪುರ್ದೋರು ಮುಂದೆ ಎಡುಕ್ಕೆ ಬನ್ರಪ್ಪ. ಪಟ್ಣದೋರು ಮುಂದೆ ಬಲುಕ್ಕೆ. ಸೇರ್ಕೊಬ್ಯಾಡಿ, ಸೇರ್ಕೊಂಡ್ರೆ ನಂಗೆ ಗುರ್ತು ಸಿಕ್ಕಾಕಿಲ್ಲ."

ಆ ಇಪ್ಪತ್ತು ಜನರಲ್ಲಿ ಮುಕ್ಕಾಲು ಪಾಲಿನವರ ಮುಖವನ್ನು ಆಕೆ ಅವತ್ತೇ ಮೊದಲ ಸಲ ನೋಡಿದ್ದು. ದನಿ ಮಾತ್ರ ಎಲ್ಲರದೂ ಗೊತ್ತಿತ್ತು. ಕೆಮ್ಮಿದರೆ ಸಾಕು, ಯಾರೆಂದು ಹೇಳುತ್ತಿದ್ದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯುತ್ತೇನೆ ಎಂದು ಫೋನು ಮಾಡಿದಾಗ, "ಎಸ್ರು ಯಾಕಪ್ಪ? ಕೆಲ್ಸ ಬರಿ ಸಾಕು" ಎಂದರು. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದುದು. ಇಲ್ಲೂ ಹಾಗೇ ಇರಲಿ.

ಪಾಂಡವಪುರದಲ್ಲಿ ನಮ್ಮದೊಂದು ಸಣ್ಣ ಗುತ್ತಿಗೆ ಕಚೇರಿ. ಕರೆಂಟಿನ ಹಳೆಯ ಕಂಬ ಬದಲಿಸುವುದು, ಜೋತುಬಿದ್ದ ತಂತಿ ಬಿಗಿಯುವುದು, ರಸ್ತೆ ಅಗಲ ಮಾಡುವಾಗ ಲೈನನ್ನು ಪಕ್ಕಕ್ಕೆ ಸರಿಸುವುದು ನಮ್ಮ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಾಲ್ಕು ತಾಲೂಕಿಗೆ ಐದೈದು ಜನರ ನಾಲ್ಕು ತಂಡ. ಯಾವ ಲೈನಿನಲ್ಲಿ ಕೆಲಸವೋ ಆ ಲೈನಿನ ಕರೆಂಟು ತೆಗೆಸಬೇಕು. ಅದಕ್ಕೆ ಆಯಾ ವಿದ್ಯುತ್ ಕೇಂದ್ರಕ್ಕೆ ಮೇಲ್ ಕಳಿಸಬೇಕು. ಅನುಮತಿಯೂ ಮೇಲ್‌ನಲ್ಲೇ ಬರುತ್ತದೆ. ಕೆಲಸ ಮುಗಿದ ಮೇಲೆ, ನಮ್ಮವರೆಲ್ಲ ಕೆಳಗಿಳಿದಿದ್ದಾರೆ, ಇನ್ನು ಕರೆಂಟು ಕೊಡಬಹುದು ಎಂದು ನಾವು ಮತ್ತೊಂದು ಮೇಲ್ ಕಳಿಸುತ್ತೇವೆ. ಅದಾದ ಮೇಲೆ ಫೋನಿನಲ್ಲೂ ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮವಿತ್ತು. ದಿನಾ ಅದೇ ಕೆಲಸವಾದಾಗ ಎರಡೂ ಕಡೆಯವರು ಫೋನು ಬಿಟ್ಟರು. ಮೇಲ್ ಒಂದೇ ಸಾಕು ಎಂಬಂತಾಗಿತ್ತು.

ಆ ಕೊನೆಯ ಮೇಲ್ ಒಂದು ನಿಮಿಷ ಮೊದಲು ಹೋದರೆ ಕಂಬದ ಮೇಲಿರುವವನು ಉಳಿಯುವುದಿಲ್ಲ. ಇದು ನನಗೆ ಕೆಲಸಕ್ಕೆ ಸೇರಿದ ದಿನದಿಂದ ಗೊತ್ತಿತ್ತು. ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ.

ಅಕ್ಕನ ಊರು ಕಿಕ್ಕೇರಿ ಹತ್ತಿರ. ಮದುವೆಯಾಗಿ ಪಾಂಡವಪುರಕ್ಕೆ ಬಂದವರು. ಪಿಯುಸಿ ಎರಡನೇ ವರ್ಷಕ್ಕೆ ನಿಂತಿತ್ತು. ಟೈಪಿಂಗ್ ಕಲಿತಿದ್ದರು. ತಾಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡಿಕೊಡುತ್ತಿದ್ದವರನ್ನು ನಮ್ಮ ಮಾಲೀಕರು ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ನಾನು ಇಂಜಿನಿಯರಿಂಗ್ ಮುಗಿಸಿ ಸೇರುವ ಹೊತ್ತಿಗೆ ಅವರು ಅಲ್ಲಿ ಹಳಬರಾಗಿದ್ದರು.

ಮೊದಲ ದಿನ ಅವರ ಪರದೆ ನೋಡಿ ನನಗೆ ಕಣ್ಣು ಕತ್ತಲೆ ಬಂದಂತಾಯಿತು. ಒಂದೇ ಮೇಲ್ ಖಾತೆಯನ್ನು ನಾಲ್ಕು ಕಿಟಕಿಗಳಲ್ಲಿ ತೆರೆದು, ನಾಲ್ಕು ಮೂಲೆಗೆ ಒಂದೊಂದನ್ನು ಅಂಟಿಸಿದಂತೆ ಇಟ್ಟಿದ್ದರು. ಪ್ರತಿ ಕಿಟಕಿಯ ಹುಡುಕುವ ಜಾಗದಲ್ಲಿ ಒಂದೊಂದು ತಾಲೂಕಿನ ಹೆಸರು. ಹಾಗಾಗಿ ಆ ಕಿಟಕಿಯಲ್ಲಿ ಆ ತಾಲೂಕಿನ ಮೇಲ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮೇಲೆ ಎಡಕ್ಕೆ ಕೆ.ಆರ್. ಪೇಟೆ, ಮೇಲೆ ಬಲಕ್ಕೆ ನಾಗಮಂಗಲ, ಕೆಳಗೆ ಎಡಕ್ಕೆ ಪಾಂಡವಪುರ, ಕೆಳಗೆ ಬಲಕ್ಕೆ ಶ್ರೀರಂಗಪಟ್ಟಣ.

"ಯಾಕಕ್ಕ ಇಷ್ಟೊಂದು? ಒಂದರಲ್ಲೇ ನೋಡಬಹುದಲ್ಲ" ಎಂದೆ.

"ನೆಲದ ಮ್ಯಾಲೆ ಊರು ಎಂಗವೋ ಅಂಗೇ ಮಡಗಿವ್ನಿ. ಬಡಗ್ಲಾಗಿರೋದು ಮೇಲೆ, ತೆಂಕ್ಲಾಗಿರೋದು ಕೆಳುಗೆ. ತಪ್ಪಾದ್ರೆ ಕಣ್ಣಿಗೇ ಚುಚ್ತದೆ."

ಉತ್ತರ ಬರೆಯುವುದಕ್ಕೆ ಇನ್ನೊಂದು ಪುಟ್ಟ ಕಿಟಕಿ ತೆರೆಯುತ್ತಿದ್ದರು. ಬಂದ ಮೇಲ್ ಎಡಗಡೆ, ಬರೆಯುವ ಉತ್ತರ ಬಲಗಡೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಬೆರಳನ್ನು ಪರದೆಗೆ ಒತ್ತಿ, ಊರಿನ ಹೆಸರು, ಲೈನಿನ ಹೆಸರು, ಮೇಸ್ತ್ರಿಯ ಹೆಸರನ್ನು ದೇವರಿಗೆ ಹೇಳುವಂತೆ ಬಾಯಿಬಿಟ್ಟು ಓದುತ್ತಿದ್ದರು. ಆಮೇಲೆಯೇ ಕಳಿಸುವುದು. ಓದುವ ಕಿಟಕಿಯೊಳಗೇ ಉತ್ತರ ಬರೆಯುವುದು ಅವರ ಪ್ರಕಾರ ಉಣ್ಣುವ ತಟ್ಟೆಯಲ್ಲೇ ಕೈ ತೊಳೆದ ಹಾಗೆ.

ನನಗೆ ನಗು ಬರುತ್ತಿತ್ತು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನಲ್ಲಿ ಕುಳಿತವನು, ಅಡ್ಡದಾರಿಗಳೆಲ್ಲ ಗೊತ್ತಿದ್ದವನು. ಅವರಿಗೆ ಕೆಲವನ್ನು ಹೇಳಿಕೊಡಲೂ ಹೋದೆ. ಒಂದೇ ವಿಷಯದ ಮೇಲ್‌ಗಳನ್ನು ಒಟ್ಟಿಗೆ ಕಟ್ಟಿ ತೋರಿಸುವ ಸೌಕರ್ಯ ಇದೆಯಲ್ಲ, ಅದನ್ನು ಅವರು ತೆಗೆದುಹಾಕಿದ್ದರು. ಯಾಕೆ ಎಂದು ಕೇಳಿದರೆ, "ಗಂಟು ಕಟ್ಟಿದ್ರೆ ಒಳ್ಗೇನೈತೆ ಅಂತ ಗೊತ್ತಾಯ್ತದಾ? ನಾನು ಒಂದೊಂದ್ನೂ ಅರಡ್ಕೊಂಡು ಕೂತ್ಕೋತೀನಿ" ಎಂದರು.

ಟೀವಿಯ ಕತೆ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಬಾಯಿಪಾಠ. ಕಂಪ್ಯೂಟರಿನ ಪರದೆ ಚಿಕ್ಕದು, ನಾಲ್ಕು ಕಿಟಕಿ ತೆರೆದರೆ ಅಕ್ಷರ ಸಾಸಿವೆಯಷ್ಟಾಗುತ್ತದೆ. ದೊಡ್ಡದು ಕೊಡಿಸಿ ಎಂದು ಮಾಲೀಕರನ್ನು ಕೇಳಿದರು. ಆಗಲಿ, ನೋಡೋಣ ಎಂದರು ಮಾಲೀಕರು. ಮೂರನೇ ಸಲವೂ ಅದೇ ಮಾತು ಬಂದಾಗ, ಒಂದು ಸೋಮವಾರ ಬೆಳಿಗ್ಗೆ ಅಕ್ಕ ಆಟೊದಲ್ಲಿ ತಮ್ಮ ಮನೆಯ ಟೀವಿಯನ್ನೇ ದುಪ್ಪಟಿಯಲ್ಲಿ ಸುತ್ತಿ ತಂದರು. ಕಂಪ್ಯೂಟರಿಗೆ ಕೇಬಲ್ಲು ಸಿಕ್ಕಿಸಿದರು. ಪರದೆ ಗೋಡೆಯಷ್ಟಾಯಿತು.

ಸಂಜೆ ಮನೆಯಲ್ಲಿ ಸೊಸೆ ಕೇಳಿದಳಂತೆ, "ಅತ್ತೆ, ನನ್ ಧಾರಾವಾಯಿ?"

"ನಿನ್ ಧಾರಾವಾಯೀಲಿ ಅತ್ತೆ ಸೊಸೆ ಕಿತ್ತಾಡ್ತಾರೆ. ಅದ್ನ ನಾವೇ ಮಾಡ್ಕೊಳಾಣ ಬುಡು" ಅಂದರಂತೆ ಇವರು.

ಮಾಲೀಕರು ನಾಚಿಕೊಂಡು ಹೊಸ ಪರದೆ ತರಿಸುತ್ತೇನೆಂದಾಗ ಅಕ್ಕ ಒಪ್ಪಲಿಲ್ಲ. ಇದಕ್ಕೆ ಕೈ ಕೂತಿದೆ ಎಂದರು. ಪ್ರತಿ ಬೆಳಿಗ್ಗೆ ಸೆರಗಿನಿಂದ ಅದನ್ನು ಒರೆಸಿದ ಮೇಲೇ ಅವರ ಕೆಲಸ ಶುರುವಾಗುತ್ತಿತ್ತು.

ಟೀವಿಯ ಚೌಕಟ್ಟಿನ ಮೇಲೆ, ಪ್ರತಿ ಮೂಲೆಗೂ ಒಂದೊಂದು ಕಾಗದದ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಮೂರು ಫೋನ್ ನಂಬರು. ಮೊದಲನೆಯದು ವಿದ್ಯುತ್ ಕೇಂದ್ರದ್ದು. ಎರಡನೆಯದು ಮೇಸ್ತ್ರಿಯದ್ದು. ಮೂರನೆಯದು ದಿನದಿನಕ್ಕೆ ಬದಲಾಗುತ್ತಿತ್ತು. ಅದಕ್ಕಾಗಿ ಮೇಸ್ತ್ರಿಗಳನ್ನು ಬೆಳಿಗ್ಗೆ ಬೆಳಿಗ್ಗೆಯೇ ಗೋಳು ಹೊಯ್ದುಕೊಳ್ಳುತ್ತಿದ್ದರು.

"ಕಂಬುದ್ ತಾವ ಯಾವುದಾದ್ರೂ ಅಂಗ್ಡಿ ಐತಾ? ಜಾಗ ಬುಟ್ಟು ಅಲ್ಲಾಡ್ದೆ ಇರೋರು ಯಾರವ್ರೆ? ಅವ್ರ ನಂಬರ್ ಕೊಡು."

"ಅಕ್ಕೋ, ನಿಂಗೇನು ಸಂಬಂಧ ಉಡ್ಕಬೇಕಾ ಈ ಊರ್ನಲ್ಲಿ?" ಎಂದು ನಾಗಮಂಗಲದ ಮೇಸ್ತ್ರಿ ಛೇಡಿಸುತ್ತಿದ್ದ.

"ಕಂಬುದ್ ಮ್ಯಾಲಿರೋನು ಫೋನ್ ಎತ್ತಾಕಿಲ್ಲ ಕಣ್ಲಾ. ಕೆಳುಗಿರೋನು ಮ್ಯಾಲಿರೋನ್ನೇ ನೋಡ್ತಿರ್ತಾನೆ, ಅವ್ನೂ ಎತ್ತಾಕಿಲ್ಲ. ಕೊಡ್ಲಾ ನಂಬರ."

ಹಾಗೆ ಅವರ ಪಟ್ಟಿಯಲ್ಲಿ ಗಂಜಾಂನ ಹೂವಿನವಳು ಬಂದಿದ್ದಳು, ಕಿಕ್ಕೇರಿಯ ಸೈಕಲ್ ಶಾಪಿನವನು ಬಂದಿದ್ದ, ಹಾಲಿನ ಡೈರಿಯ ಕಾರ್ಯದರ್ಶಿ ಬಂದಿದ್ದ. ನಾನು ತಪ್ಪು ಮಾಡಿದ ಆ ದಿನ ನಾಗಮಂಗಲದ ಮೂಲೆಯಲ್ಲಿ ಒಬ್ಬ ಕ್ಷೌರದ ಅಂಗಡಿಯವನ ನಂಬರಿತ್ತು.

ನನ್ನ ಲ್ಯಾಪ್‌ಟಾಪು ರಿಪೇರಿಗೆ ಹೋಗಿತ್ತು. ಮಧ್ಯಾಹ್ನ ಅಕ್ಕ ಊಟಕ್ಕೆಂದು ಹಿಂದಿನ ಪಡಸಾಲೆಗೆ ಎದ್ದು ಹೋದರು. ಹೋಗುವಾಗ, "ಕಿಟ್ಕಿ ಮುಟ್ಬ್ಯಾಡ ಕಣಪ್ಪ, ಅಂಗೇ ಇರ್ಲಿ" ಎಂದರು. ನಾಗಮಂಗಲದ ಕೇಂದ್ರದವರು ಏನೋ ವಿವರ ಕೇಳಿದ್ದರು, ಉತ್ತರಿಸೋಣವೆಂದು ನಾನು ಅವರ ಕುರ್ಚಿಯಲ್ಲಿ ಕುಳಿತೆ. ಚೂರು ಚೂರು ಪರದೆ ನನಗೆ ಆಗುತ್ತಿರಲಿಲ್ಲ. ನಾಗಮಂಗಲದ ಕಿಟಕಿಯನ್ನು ದೊಡ್ಡದು ಮಾಡಿದೆ. ಅದು ಟೀವಿಯ ತುಂಬ ಹರಡಿ ಉಳಿದ ಮೂರನ್ನು ಮುಚ್ಚಿಬಿಟ್ಟಿತು. ಆ ಮೇಲ್‌ನ ಅಡಿಯಲ್ಲೇ ಉತ್ತರ ಬರೆಯಲು ತೊಡಗಿದೆ.

ಅಷ್ಟರಲ್ಲಿ ಫೋನು ಬಂತು. ಶ್ರೀರಂಗಪಟ್ಟಣದ ಮೇಸ್ತ್ರಿ. "ಸಾ, ನಮ್ದು ಮುಗೀತು. ಎಲ್ರೂ ಇಳ್ದವ್ರೆ. ಕರೆಂಟ್ ಕೊಡ್ಸ್‌ಬುಡಿ, ಊರ್ನೋರು ಬಯ್ತಾವ್ರೆ."

ನಾನು ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡೇ, ಎದುರಿಗೆ ತೆರೆದಿದ್ದ ಜಾಗದಲ್ಲಿ ಬರೆದುದನ್ನು ಅಳಿಸಿ ಟೈಪು ಮಾಡಿದೆ: "ಕೆಲಸ ಮುಗಿದಿದೆ. ನಮ್ಮವರೆಲ್ಲ ಕೆಳಗಿಳಿದಿದ್ದಾರೆ. ಲೈನಿಗೆ ವಿದ್ಯುತ್ ಕೊಡಬಹುದು." ಕಳಿಸಿದೆ. ಆಮೇಲೆ ಕಾಲು ಚಾಚಿ ಕುಳಿತೆ. ಚಾಚಿದ ಆ ಕಾಲು ನನಗೆ ಈಗಲೂ ಕಾಣುತ್ತದೆ. ನಾಗಮಂಗಲದ ಆ ಊರಿನಲ್ಲಿ ಆಗ ಐದು ಜನ ಕೆಲಸದಲ್ಲಿದ್ದರು. ಇಬ್ಬರು ಕಂಬದ ಮೇಲಿದ್ದರು.

ಅಕ್ಕ ಒಳಗೆ ಬಂದರು. ಊಟದ ನಡುವೆ ಎದ್ದು ಬಂದಿದ್ದರು. ಎಡಗೈಯಲ್ಲಿ ನೀರಿನ ಲೋಟ, ಬಲಗೈಯಲ್ಲಿ ಇನ್ನೂ ಮುದ್ದೆ, ಸಾರು.

"ಫೋನ್ ಬಂದಂಗಾಯ್ತು. ಪಟ್ಣದೋರ್ದಾ?"

"ಹೂಂ ಅಕ್ಕ, ಮುಗೀತಂತೆ. ಮೇಲ್ ಕಳಿಸಿದೆ."

ಅವರು ಟೀವಿ ನೋಡಿದರು. "ನನ್ ಕಿಟ್ಕಿ ಎಲ್ಲಪ್ಪಾ?" ಎನ್ನುತ್ತಾ ಲೋಟ ಇಟ್ಟು, ಎಡಗೈಯಲ್ಲೇ ಮೌಸ್ ಹಿಡಿದು ದೊಡ್ಡ ಕಿಟಕಿಯನ್ನು ಕುಗ್ಗಿಸಿ ಮೂಲೆಗೆ ತಳ್ಳಿದರು. ನಾಲ್ಕೂ ಕಾಣಿಸಿದವು. ಎಲ್ಲವನ್ನೂ ಒಮ್ಮೆ ಹೊಸದಾಗಿ ತೆರೆಸಿದರು. ಕೆಳಗೆ ಬಲಕ್ಕೆ ನೋಡಿದರು.

"ಕಳ್ಸಿದ್ರೆ ಪಟ್ಣದ ಮೂಲೇಲಿ ಇರ್ಬೇಕಲ್ಲ. ಇಲ್ವಲ್ಲ."

ಅವರ ಕಣ್ಣು ಮೇಲಕ್ಕೆ ಹೋಯಿತು, ಬಲಕ್ಕೆ. ನಾನು ಕಳಿಸಿದ ಮೇಲ್ ನಾಗಮಂಗಲದ ಮೂಲೆಯಲ್ಲಿ ಕೂತಿತ್ತು. ನನಗೆ ಅರ್ಥವಾದದ್ದು ಅವರಿಗಿಂತ ಒಂದು ಗಳಿಗೆ ತಡವಾಗಿ.

ಬೈಯಲಿಲ್ಲ. ಕಚೇರಿಯ ಫೋನನ್ನು ನನ್ನ ಎದೆಗೆ ಒತ್ತಿ, "ಮೊದ್ಲುನೇ ನಂಬ್ರು ಒತ್ತು. ಎತ್ತೋವರ್ಗೂ ಒತ್ತು" ಎಂದರು. ವಿದ್ಯುತ್ ಕೇಂದ್ರದ ಫೋನು ಬಿಡುವಿರಲಿಲ್ಲ. ಮತ್ತೆ ಒತ್ತಿದೆ. ಬಿಡುವಿಲ್ಲ. ಅವರು ತಮ್ಮ ಮೊಬೈಲಿನಿಂದ ಮೇಸ್ತ್ರಿಗೆ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಎರಡನೇ ಸಲ ಮಾಡಲಿಲ್ಲ. ಮುದ್ದೆ ಹತ್ತಿದ ಬೆರಳು ನೇರ ಮೂರನೇ ನಂಬರಿನ ಮೇಲೆ ಹೋಯಿತು. ಸ್ಪೀಕರಿಗೆ ಹಾಕಿದರು.

"ಯಾರು? ಗಿರಾಕಿ ಅವ್ರೆ, ಆಮೇಕೆ ಮಾಡಿ" ಎಂದಿತು ಆ ದನಿ.

"ಕತ್ತಿ ಮಡುಗಣ್ಣಾ! ಬೆಳಿಗ್ಗೆ ಮಾತಾಡಿದ್ನಲ್ಲ, ಲೈನ್ ಕೆಲ್ಸುದ್ ಅಕ್ಕ. ಆಚೀಕೆ ಓಡು! ಕಂಬುದ್ ಮ್ಯಾಲಿರೋರ್ನ ಇಳ್ಸು, ಕರೆಂಟ್ ಬರ್ತದೆ! ಮುಟ್ಬ್ಯಾಡ, ದೂರ ನಿಂತ್ಕಂಡು ಕೂಗು!"

ಫೋನು ಎಲ್ಲೋ ಹಲಗೆಯ ಮೇಲೆ ಬಿದ್ದ ಸದ್ದು. ಕುರ್ಚಿ ಉರುಳಿದ ಸದ್ದು. ದೂರದಲ್ಲಿ ಒಬ್ಬನ ಕೂಗು, ಆಮೇಲೆ ಇಬ್ಬರದು. ಆಮೇಲೆ ಏನೂ ಇಲ್ಲ. ನಾನು ನಂಬರು ಒತ್ತುತ್ತಲೇ ಇದ್ದೆ. ಅಕ್ಕ ಒಂದು ಕೈಯಲ್ಲಿ ಕೇಂದ್ರಕ್ಕೆ ಹೊಸ ಮೇಲ್ ಬರೆಯುತ್ತಿದ್ದರು. ಎಡಗೈಯ ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ, "ಕೊಡಬೇಡಿ" ಎಂದು. ಕಣ್ಣು ಮಾತ್ರ ನಾಗಮಂಗಲದ ಮೂಲೆಯಲ್ಲಿತ್ತು.

ಎಷ್ಟು ಹೊತ್ತಾಯಿತೋ. ಫೋನಿನಲ್ಲಿ ಏದುಸಿರು ಕೇಳಿಸಿತು.

"ಇಳುದ್ರು ಕಣಕ್ಕ. ಇಬ್ರೂ ಇಳುದ್ರು. ಎಲ್ರೂ ದೂರ ಬಂದವ್ರೆ. ಒಬ್ಬುಂದು ಮಂಡಿ ತರುದೋಗದೆ, ಇನ್ನೇನೂ ಇಲ್ಲ. ಏನಕ್ಕ ಇದು, ಅರ್ಧ ಗಡ್ಡ ಬೋಳ್ಸಿದ್ದೋರೂ ನನ್ ಇಂದೆ ಓಡ್ಬಂದ್ರು..."

ಅವನ ಮಾತು ಮುಗಿದಿರಲಿಲ್ಲ. ಫೋನಿನೊಳಗೆ ಕಿರ್ ಎಂದಿತು. ಮತ್ತೆ ಕಿರ್, ಕಿರ್, ಕಿರ್. ಸದ್ದು ನಿಧಾನಕ್ಕೆ ಜೋರಾಯಿತು.

"ಅಲೆಲೆ, ಫ್ಯಾನ್ ತಿರುಗ್ತಾ ಅದೆ. ಕರೆಂಟ್ ಬಂತು ನೋಡಿ" ಎಂದ ಅವನು.

ತಪ್ಪಿ ಕರೆಂಟು ಬಂದರೂ ಅದು ನೆಲಕ್ಕೆ ಹರಿದುಹೋಗಲೆಂದು ಲೈನನ್ನು ನೆಲಕ್ಕೆ ಕಟ್ಟುವ ಸರಪಳಿಯೊಂದಿರುತ್ತದೆ. ಅದನ್ನು ಮುಂದಿನ ಕಂಬಕ್ಕೆ ಒಯ್ಯಲೆಂದು ಅವರು ಆಗಷ್ಟೇ ಬಿಚ್ಚಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಬಿಚ್ಚಬಾರದಿತ್ತು, ಬಿಚ್ಚಿದ್ದರು. ಎಲ್ಲರೂ ಒಂದೊಂದು ನಿಯಮ ಬಿಟ್ಟಿದ್ದೆವು. ನಿಯಮದಲ್ಲಿಲ್ಲದ ಮೂರನೇ ನಂಬರು ಇಟ್ಟುಕೊಂಡವರು ಒಬ್ಬರೇ.

ಅಕ್ಕ ಕುಳಿತುಕೊಳ್ಳಲಿಲ್ಲ. ಉಳಿದ ಮೂರು ತಾಲೂಕಿಗೂ ಫೋನು ಮಾಡಿ ಎಷ್ಟು ಜನ, ಎಲ್ಲಿದ್ದಾರೆ ಎಂದು ಕೇಳಿದರು. ಶ್ರೀರಂಗಪಟ್ಟಣದ ಮೇಲ್ ಅನ್ನು ಶ್ರೀರಂಗಪಟ್ಟಣದ ಮೂಲೆಯಿಂದ, ಬೆರಳಿಟ್ಟು ಓದಿ, ಕಳಿಸಿದರು. ಕೀಬೋರ್ಡಿಗೆ ಹತ್ತಿದ್ದ ಮುದ್ದೆಯನ್ನು ಒರೆಸಿದರು.

ಸಂಜೆ ಮಾಲೀಕರು ಬಂದರು. ಮೇಲ್‌ನಲ್ಲಿ ಕಚೇರಿಯ ಹೆಸರಷ್ಟೇ ಇರುತ್ತದೆ, ಕಳಿಸಿದವರದಲ್ಲ. ಯಾರು ಕಳಿಸಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನನ್ ಕುರ್ಚೀಲಿ ಕೂತು ಕಳ್ಸಿದ್ದು ಸಾ. ಕುರ್ಚಿ ಬುಟ್ಟು ಎದ್ದೋದೋಳು ನಾನು" ಎಂದರು.

"ಕಳಿಸಿದ್ದು ನಾನು" ಎಂದೆ. ಎರಡನೇ ಸಲ ಹೇಳಬೇಕಾಯಿತು.

ಮಾಲೀಕರು ಅಂದದ್ದನ್ನೆಲ್ಲ ಅಂದು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ನಮ್ಗೇಳಿ ಏನ್ ಬಂತು? ನಾಳೆ ಮೊದ್ಲು ಬಸ್ಸಿಗೆ ನಾಗಮಂಗ್ಲಕ್ಕೆ ಓಗು. ಅವ್ರ ಮಕ ನೋಡಿ ಏಳು."

ಹೋದೆ. ತೆಂಗಿನ ತೋಟದ ಬೇಲಿಯ ಪಕ್ಕ ಐದೂ ಜನ ಕುಳಿತಿದ್ದರು. ಒಬ್ಬನ ಮಂಡಿಗೆ ಬಟ್ಟೆ ಕಟ್ಟಿತ್ತು. ಹೇಗೆ ಹೇಳಿದೆನೋ ನೆನಪಿಲ್ಲ. ಮಂಡಿ ತರಚಿದ್ದವನು ಎಳನೀರು ಕೊಚ್ಚಿ ನನ್ನ ಕೈಗೆ ಕೊಟ್ಟ. ಕತ್ತಿ ಒರೆಸುತ್ತಾ, "ಸಾ, ಇನ್ನೊಂದ್ ವಸಿ ತಡ ಆಗಿದ್ರೆ ನಿಮ್ ಮೇಲು ನನ್ ವಿಳಾಸನೇ ಬದ್ಲಾಯ್ಸ್‌ಬುಡೋದು" ಎಂದ. ಮೇಸ್ತ್ರಿ ಅವನ ತಲೆಗೆ ಮೊಟಕಿದ. ಆಮೇಲೆ ಎಲ್ಲರೂ ನಕ್ಕರು, ನಾನೊಬ್ಬನೇ ಅತ್ತೆ.

"ಸರಪಳಿ ಬಿಚ್ದೋನು ನಾನು ಸಾ" ಎಂದ ಮೇಸ್ತ್ರಿ, ನೆಲ ನೋಡುತ್ತಾ. "ಅಕ್ಕುಂಗೆ ಏಳ್ಬ್ಯಾಡಿ." ಎದ್ದು ನಿಂತು, "ಬ್ಯಾಡ, ನಾನೇ ಏಳ್ತೀನಿ" ಎಂದ.

ಅಲ್ಲಿಂದಾಚೆಗೆ ಅವನು ಮೂರನೇ ನಂಬರಿಗೆ ಛೇಡಿಸಿದ್ದಿಲ್ಲ. ಬೆಳಿಗ್ಗೆ ಅಕ್ಕ ಕೇಳುವ ಮೊದಲೇ ಕಳಿಸುತ್ತಿದ್ದ. ಬೇರೆ ಗುತ್ತಿಗೆದಾರರ ಆಳುಗಳ ಮುಂದೆ, "ನಮ್ಮಕ್ಕ ಪಾಂಡಪುರ್ದಲ್ಲಿ ಕೂತ್ಕಂಡೇ ನಮ್ಮನ್ನ ಕಂಬದಿಂದ ಇಳುಸ್ತಾಳೆ ಕಣ್ಲಾ, ನಿಮ್ ತಾವ ಯಾರವ್ರೆ?" ಎಂದು ಕೊಚ್ಚಿಕೊಳ್ಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ನನಗೂ ಎದೆಯುಬ್ಬಿತು. ಕೆ.ಆರ್. ಪೇಟೆಯ ಕೇಂದ್ರದ ಗುಮಾಸ್ತರೊಬ್ಬರು ಒಂದು ಶನಿವಾರ ಬಂದು ಅಕ್ಕನ ಪಕ್ಕ ಕುಳಿತು, ಕಿಟಕಿ ಜೋಡಿಸುವುದನ್ನು ಕಾಗದದ ಮೇಲೆ ಚಿತ್ರ ಬರೆದುಕೊಂಡು ಹೋದರು. ಅಕ್ಕ ಅವರಿಗೆ ಹೇಳಿದ್ದು ಇಷ್ಟೇ: "ಒಲೆ ಮ್ಯಾಲೆ ಎಸರಿಟ್ಟೋಳು ಕೊಟ್ಟಿಗೆ ಬಾಗ್ಲು ಆಕ್ಕೊಳಲ್ಲ ಸಾ. ಆಲು ಕರೆಯುವಾಗ್ಲೂ ಎಸರು ಕಾಣ್ಬೇಕು. ಅಷ್ಟೇಯ."

ಅರವತ್ತು ತುಂಬಿತು, ಕಣ್ಣಿನ ಪೊರೆ ತೆಗೆಸಿದರು, ಸಾಕು ಎಂದರು. ಫೋಟೊ ತೆಗೆದ ಆ ಸಂಜೆಯೇ ಟೀವಿಯನ್ನು ಅದೇ ದುಪ್ಪಟಿಯಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಸೊಸೆಗೆ ಕೊಟ್ಟ ಮಾತಂತೆ. ಚೌಕಟ್ಟಿನ ನಾಲ್ಕೂ ಪಟ್ಟಿಗಳನ್ನು ಮಾತ್ರ ಉಗುರಿನಿಂದ ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟರು.

ಈಗ ಆ ಕುರ್ಚಿ ನನ್ನದು. ಪರದೆ ಹೊಸದು, ದೊಡ್ಡದು. ಕಿಟಕಿಗಳು ನಾಲ್ಕೇ, ಮೂಲೆಗಳೂ ಅವೇ. ಕಳೆದ ವಾರ ನಾಗಮಂಗಲದ ಅದೇ ಊರಿನಲ್ಲಿ ಮತ್ತೆ ಕೆಲಸ ಬಿತ್ತು. ಮಧ್ಯಾಹ್ನ ಮೇಸ್ತ್ರಿ ಫೋನು ಮಾಡಿ, "ಮುಗೀತು ಸಾ, ಇಳ್ದವ್ರೆ" ಎಂದ. ಆಗಲಿ ಎಂದೆ. ಬಲಮೇಲಿನ ಮೂಲೆಗೆ ಬೆರಳಿಟ್ಟು ಊರು, ಲೈನು, ಮೇಸ್ತ್ರಿ ಎಂದು ಬಾಯಿಬಿಟ್ಟು ಓದಿದೆ. ಪಕ್ಕದ ಹೊಸ ಹುಡುಗಿ ನಗು ತಡೆದುಕೊಂಡಳು. ವಿದ್ಯುತ್ ಕೇಂದ್ರಕ್ಕೆ ಫೋನು ಮಾಡಿ, ಮೇಲ್ ಬರುತ್ತದೆ, ನೋಡಿ ಎಂದೆ. ಆಮೇಲೆ ಮೂರನೇ ನಂಬರು, ಅದೇ ಕ್ಷೌರದ ಅಂಗಡಿಯದು, ಒತ್ತಿದೆ.

"ಅಣ್ಣ, ಒಸಿ ಆಚೆ ಬಂದು ಎಣಿಸ್ತೀರಾ?"

ಅವನು ಯಾರು ಏನು ಎಂದು ಕೇಳಲಿಲ್ಲ. ಚಪ್ಪಲಿಯ ಸದ್ದು ಬಾಗಿಲವರೆಗೆ ಹೋಯಿತು.

"ಒಂದು, ಎರಡು, ಮೂರು, ನಾಕು... ಐದು. ಬೇಲಿ ತಾವ ಬೀಡಿ ಸೇದ್ತಾವ್ನೆ ಐದ್ನೇವ್ನು. ಕಂಬ ಖಾಲಿ."

ಕಳಿಸಿದೆ. ಫೋನು ಇಡಲಿಲ್ಲ, ಅವನೂ ಇಡಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತಲಿಂದ ಕಿರ್ ಎಂದಿತು, ಮತ್ತೆ ಕಿರ್, ಕಿರ್.

"ತಿರುಗ್ತಾ ಅದೆ ಸಾ" ಎಂದ ಅವನು. "ಅಕ್ಕುಂಗೆ ಏಳಿ."